ತೊಟ್ಟಿಕ್ಕುವುದು ಒಂದು ಕಡೆ, ತೂತು ಇನ್ನೊಂದು ಕಡೆ

ಈ ವಾರದ ಕಾಗದ ಬಂದಿರುವುದು ಅಮೆರಿಕದ ಮಿಷಿಗನ್ ರಾಜ್ಯದಿಂದ. ಬರೆದವಳು ಆರನೇ ತರಗತಿಯ ಹುಡುಗಿ. ಅಕ್ಷರ ತನ್ನದು, ಕಾಗುಣಿತ ತಿದ್ದಿದ್ದು ಅಜ್ಜಿ ಎಂದು ಅವಳೇ ಕೊನೆಯಲ್ಲಿ ಒಪ್ಪಿಕೊಂಡಿದ್ದಾಳೆ. ಸಮಾಚಾರ ಇಷ್ಟು. ಅವಳ ಅಪ್ಪ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡಿದ್ದಾರೆ. 1996ರ ಗಾಡಿ, 28 ಅಡಿ ಉದ್ದ. ಸಾಗರದಿಂದ ಬಂದಿರುವ ಅಜ್ಜ-ಅಜ್ಜಿಯನ್ನು ಕೂರಿಸಿಕೊಂಡು ಬೇಸಿಗೆ ರಜೆಯಲ್ಲಿ ಸರೋವರಗಳನ್ನೆಲ್ಲ ಸುತ್ತುವುದೆಂದು ಲೆಕ್ಕ. ಹಿಂಭಾಗದ ದೊಡ್ಡ ಹಾಸಿಗೆ ಅಜ್ಜ-ಅಜ್ಜಿಗೆ. ಮೊದಲ ಮಳೆಗೇ ಆ ಹಾಸಿಗೆಯ ಮೇಲೆ ನೀರು!

"ಅಪ್ಪ ಏಣಿ ಹತ್ತಿ ಹಾಸಿಗೆಯ ನೇರಕ್ಕೆ ಮೂರು ಟ್ಯೂಬು ಸಿಲಿಕೋನ್ ಹಚ್ಚಿದರು. ಆದರೂ ಸೋರಿತು. ಊರಿನ ಕೊಟ್ಟಿಗೆಗೆ ಹಾಕಿದ ಹಾಗೆ ಡಾಂಬರು ಹಚ್ಚಿಬಿಡಿ ಅಂತ ಅಜ್ಜ ಹೇಳ್ತಾರೆ. ಅಮ್ಮ ಗಾಡಿ ಮಾರಿಬಿಡಿ ಅಂತಾಳೆ. ಯಾರು ಹೇಳೋದು ಸರಿ? ಇನ್ನೊಂದು ವಿಷಯ. ಒಂದು ದಿನ ಮಳೆಯೇ ಬಂದಿರಲಿಲ್ಲ, ಆದರೂ ಬೆಳಿಗ್ಗೆ ಅಜ್ಜಿಯ ಹಣೆ ಮೇಲೆ ಹನಿ ಬಿತ್ತು. ಅದು ಎಲ್ಲಿಂದ ಬಂತು?"

ಮಗೂ, ಅಪ್ಪ ಹೇಳಿದ್ದೂ ಸರಿಯಲ್ಲ, ಅಜ್ಜ ಹೇಳಿದ್ದೂ ಸರಿಯಲ್ಲ. ಅಮ್ಮನ ಮಾತನ್ನು ಮಾತ್ರ ಈಗಲೇ ತಳ್ಳಿಹಾಕಬೇಡ. ಅದು ಚಾವಣಿಯೊಳಗಿನ ಮರ ಹೇಗಿದೆ ಎನ್ನುವುದರ ಮೇಲೆ ನಿಂತಿದೆ. ಅಜ್ಜಿಯ ಹಣೆಯ ಹನಿಯ ವಿಚಾರ ಬೇರೆಯೇ. ಅದನ್ನು ಕೊನೆಗೆ ಹೇಳುತ್ತೇನೆ.

ಮೋಟರ್‌ಹೋಮ್ ನೋಡದ ಮಕ್ಕಳಿಗಾಗಿ ಎರಡು ಮಾತು. ಬಸ್ಸಿನಂಥ ಗಾಡಿಯೊಳಗೆ ಒಂದು ಪುಟ್ಟ ಮನೆಯನ್ನು ಕೂರಿಸಿದರೆ ಅದೇ ಮೋಟರ್‌ಹೋಮ್. ಅಡುಗೆ ಒಲೆ, ಬಚ್ಚಲು, ಫ್ರಿಜ್, ಹಾಸಿಗೆ ಎಲ್ಲವೂ ಗಾಲಿಯ ಮೇಲೆ. ಅಮೆರಿಕದ ಅಯೋವಾ ರಾಜ್ಯದ ವಿನ್ನೆಬೇಗೊ ಕಂಪನಿ 1966ರಲ್ಲಿ ಇವುಗಳನ್ನು ಮಾಡತೊಡಗಿತು. ಆಮೇಲೆ ಸಾಮಾನ್ಯ ಸಂಬಳದವರೂ ಮನೆಯನ್ನೇ ಓಡಿಸಿಕೊಂಡು ಪ್ರವಾಸ ಹೊರಡುವುದು ಅಲ್ಲಿ ಹೆಚ್ಚಾಯಿತು. ಹಳೆಯ ಗಾಡಿಗಳು ಈಗ ಅಗ್ಗಕ್ಕೆ ಸಿಗುತ್ತವೆ. ಅಗ್ಗಕ್ಕೆ ಸಿಗಲು ಬಹಳ ಸಲ ಕಾರಣ ಇಂಜಿನ್ ಅಲ್ಲ, ಚಾವಣಿ.

ಚಾವಣಿ ಹೇಗಿರುತ್ತದೆ ಎಂದು ಮೊದಲು ತಿಳಿದುಕೊಳ್ಳೋಣ. ಹೊರಗಿನಿಂದ ನೋಡಿದರೆ ಒಂದೇ ಬಿಳಿ ಹಾಳೆ. ಆ ಕಾಲದ ಬಹಳಷ್ಟು ಗಾಡಿಗಳಲ್ಲಿ ಅದು ಸುಮಾರು 1 ಮಿಲಿಮೀಟರ್ ದಪ್ಪದ ರಬ್ಬರ್ ಹಾಳೆ. ಇಪಿಡಿಎಂ ಎಂದು ಅದರ ಹೆಸರು. ಕಾರಿನ ಬಾಗಿಲಂಚಿಗೆ ಕಪ್ಪು ರಬ್ಬರ್ ಇರುತ್ತದಲ್ಲ, ಅದೇ ಜಾತಿ. ಅದರ ಕೆಳಗೆ ತೆಳು ಪ್ಲೈವುಡ್, ಅದರಡಿ ಮರದ ಅಥವಾ ಅಲ್ಯೂಮಿನಿಯಂ ಅಡ್ಡಪಟ್ಟಿಗಳು, ಪಟ್ಟಿಗಳ ನಡುವೆ ಥರ್ಮೋಕೋಲಿನಂಥದೋ ಹತ್ತಿಯಂಥದೋ ಶಾಖ ತಡೆಯುವ ಸಾಮಾನು. ಎಲ್ಲಕ್ಕಿಂತ ಕೆಳಗೆ ನಿನಗೆ ಕಾಣುವ ಒಳಚಾವಣಿ. ಅಂದರೆ ಹೊರಗೆ ಗಾಡಿ, ಒಳಗೆ ಮರದ ಮನೆ.

ಈ ಬಿಳಿ ಹಾಳೆಯನ್ನು ಎಷ್ಟು ಕಡೆ ಕತ್ತರಿಸಿದ್ದಾರೆ ನೋಡು. ಗಾಳಿಕಿಂಡಿಗೆ 14 ಅಂಗುಲ ಚೌಕದ ತೂತು. ಎ.ಸಿ.ಗೆ ಅಷ್ಟೇ ದೊಡ್ಡ ಇನ್ನೊಂದು. ಬಚ್ಚಲ ಮೇಲೆ ಬೆಳಕಿಂಡಿ. ಫ್ರಿಜ್ಜಿನ ಬಿಸಿಗಾಳಿ ಹೋಗಲು ಒಂದು, ಕೊಳಚೆ ತೊಟ್ಟಿಯ ವಾಸನೆ ಹೋಗಲು ಕೊಳವೆ, ಟಿ.ವಿ. ಆಂಟೆನಾಗೆ ಮತ್ತೊಂದು. ಹಿಂಬದಿಯ ಏಣಿಯ ಬೋಲ್ಟುಗಳು ಬೇರೆ. ಒಂದೊಂದು ಕಿಂಡಿಯ ಸುತ್ತ ಹತ್ತಾರು ಸ್ಕ್ರೂ. ಪ್ರತಿ ಸ್ಕ್ರೂವೂ ಒಂದು ತೂತೇ. ಮುಂದಿನ ಮೂತಿ, ಹಿಂದಿನ ಬೆನ್ನು ಚಾವಣಿಯನ್ನು ಸೇರುವಲ್ಲಿ ಅಡ್ಡಕ್ಕೆ ಎರಡು ಕೂಡುಸಾಲು. ಎಡಬಲದ ಅಂಚಿನಲ್ಲಿ ಉದ್ದಕ್ಕೆ ಅಲ್ಯೂಮಿನಿಯಂ ಪಟ್ಟಿ. ಹಾಳೆಯ ನಡುಬಯಲು ಸುಮ್ಮಸುಮ್ಮನೆ ಸೋರುವುದು ಅಪರೂಪ. ಯಾವುದಾದರೂ ಕೊಂಬೆ ಹರಿದಿರಬೇಕು. ಸೋರುವುದೆಲ್ಲ ಈ ಅಂಚುಗಳಲ್ಲಿ, ಕೂಡುಸಾಲುಗಳಲ್ಲಿ, ಸ್ಕ್ರೂ ತಲೆಗಳಲ್ಲಿ.

ಸಾಗರದಲ್ಲಿ ಮನೆಯ ಮಾಡು ಇಳಿಜಾರು. ಬಿದ್ದ ನೀರು ನಿಲ್ಲದೆ ಓಡಿಹೋಗುತ್ತದೆ. ಮೋಟರ್‌ಹೋಮಿನ ಚಾವಣಿ ಹೆಚ್ಚುಕಡಿಮೆ ಚಪ್ಪಟೆ. ಒಂದು ಲೆಕ್ಕ ಮಾಡು. 28 ಅಡಿ ಎಂದರೆ ಸುಮಾರು 8.5 ಮೀಟರ್. ಅಗಲ 2.4 ಮೀಟರ್ ಎಂದಿಟ್ಟುಕೊಂಡರೆ ಚಾವಣಿ 20 ಚದರ ಮೀಟರ್ ದಾಟುತ್ತದೆ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಹಾಗಾದರೆ 10 ಮಿಲಿಮೀಟರ್ ಮಳೆಗೆ? 200 ಲೀಟರ್! ಕುಡಿಯುವ ನೀರಿನ ದೊಡ್ಡ ಕ್ಯಾನು 10 ತಂದು ಸುರಿದಷ್ಟು. ಅದರಲ್ಲಿ ಒಂದು ಲೋಟ ಒಳಗೆ ಬಂದರೂ ಹಾಸಿಗೆ ಹಾಳು.

ಕೂಡುಸಾಲುಗಳಿಗೆ ಕಾರ್ಖಾನೆಯಲ್ಲೇ ಮೇಣದಂಥ ಸೀಲೆಂಟ್ ಹಾಕಿರುತ್ತಾರೆ. ಮತ್ತೆ ಅದು ಬಿರಿಯುವುದೇಕೆ? ಬಿಸಿಲು ಒಂದು ಕಾರಣ, ಹಿಗ್ಗುಕುಗ್ಗು ಇನ್ನೊಂದು. ಮಿಷಿಗನ್‌ನ ಚಳಿಗಾಲಕ್ಕೂ ಬೇಸಿಗೆಯ ಸುಡು ಚಾವಣಿಗೂ 50 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಏನೂ ಹೆಚ್ಚಲ್ಲ. ಅಷ್ಟು ಬಿಸಿ ಏರಿದರೆ 8.5 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಹತ್ತಿರ ಹತ್ತಿರ 1 ಸೆಂಟಿಮೀಟರ್ ಹಿಗ್ಗಲು ನೋಡುತ್ತದೆ. ಅದರಡಿಯ ಮರ ಅದೇ ಬಿಸಿಗೆ ಉದ್ದದಲ್ಲಿ 2 ಮಿಲಿಮೀಟರಿನ ಆಸುಪಾಸು ಹಿಗ್ಗಿದರೆ ಹೆಚ್ಚು. ಇಬ್ಬರನ್ನೂ ಸ್ಕ್ರೂ ಹಾಕಿ ಕಟ್ಟಿಹಾಕಿದೆ. ವರ್ಷಗಟ್ಟಲೆ ಈ ಎಳೆದಾಟ ನಡೆದರೆ ಸ್ಕ್ರೂ ಸಡಿಲವಾಗುತ್ತದೆ, ಸೀಲೆಂಟ್ ಬಾಯಿ ಬಿಡುತ್ತದೆ. ಜೊತೆಗೆ ರಸ್ತೆಯ ಕುಲುಕಾಟ. ಮನೆ ಎಂದಾದರೂ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವುದುಂಟೇ? ಚಳಿಗಾಲದಲ್ಲಿ ಆ ಬಿರುಕಿನೊಳಗೆ ನೀರು ನಿಂತು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ 9ರಷ್ಟು ಉಬ್ಬುತ್ತದೆ. ಕೂದಲೆಳೆಯ ಬಿರುಕು ವಸಂತ ಬರುವ ಹೊತ್ತಿಗೆ ಉಗುರು ಹೋಗುವಷ್ಟಾಗಿರುತ್ತದೆ.

ಈಗ ಅಪ್ಪನ ಮೂರು ಟ್ಯೂಬಿನ ಕಥೆಗೆ ಬರೋಣ. ಹನಿ ಬೀಳುವ ಜಾಗದ ನೇರಕ್ಕೆ ಮೇಲೆ ತೂತು ಇರಬೇಕು ಎಂದುಕೊಂಡದ್ದು ಸಹಜ. ಹೆಂಚಿನ ಮಾಡಿನಲ್ಲಿ ಬಹಳ ಸಲ ಅದು ನಿಜ. ಒಡೆದ ಹೆಂಚಿನ ಸಂದಿಯಲ್ಲಿ ಹಗಲು ಬೆಳಕೇ ಕಾಣುತ್ತದೆ. ಅಜ್ಜ ಒಳಗಿಂದಲೇ ಕೋಲಿನಲ್ಲಿ ಹೆಂಚು ಸರಿಸಿ ಕೂರಿಸಿರುವುದನ್ನು ಊರಿನ ಮಕ್ಕಳು ನೋಡಿರುತ್ತೀರಿ. ಹಾಗಿದ್ದೂ ಕೆಲವೊಮ್ಮೆ ನೀರು ಪಕಾಸಿನ ಗುಂಟ ಇಳಿದು ಗೋಡೆಯ ಹತ್ತಿರ ಬೀಳುವುದುಂಟು. ಮೋಟರ್‌ಹೋಮಿನಲ್ಲಿ ಪ್ರತಿಸಲವೂ ಹೀಗೇ ಆಗುತ್ತದೆ ಎಂದುಕೊಂಡೇ ಕೆಲಸ ಶುರುಮಾಡಬೇಕು. ಯಾಕೆಂದರೆ ಅದು ಮುಚ್ಚಿದ ಪೆಟ್ಟಿಗೆ. ಮುಂದಿನ ಗಾಳಿಕಿಂಡಿಯ ಅಂಚಿನಲ್ಲಿ ಒಳಹೊಕ್ಕ ನೀರು ಪ್ಲೈವುಡ್ಡಿನ ಮೇಲೆ ಹರಡಿ, ಅಡ್ಡಪಟ್ಟಿಯನ್ನು ಹಿಡಿದು, ಗಾಡಿ ಯಾವ ಕಡೆ ವಾಲಿದೆಯೋ ಆ ಕಡೆ ತೆವಳಿ, ದಾರಿಯಲ್ಲಿ ವಯರು ಸಿಕ್ಕಿದರೆ ಅದರ ಮೇಲೂ ಜಾರಿ, ಕೊನೆಗೆ ಯಾವುದೋ ದೀಪದ ತೂತಿನಲ್ಲಿ ತೊಟ್ಟಿಕ್ಕುತ್ತದೆ. ತೂತಿಗೂ ಹನಿಗೂ 10 ಅಡಿ ದೂರವಿರಬಹುದು. ಗಾಡಿಯನ್ನು ಮೂತಿ ತಗ್ಗಾಗಿ ನಿಲ್ಲಿಸಿದ ದಿನ ಮುಂದೆ, ಹಿಂಭಾಗ ತಗ್ಗಾದ ದಿನ ಹಿಂದೆ. ನಿಮ್ಮ ಅಂಗಳ ಯಾವ ಕಡೆಗೆ ಇಳಿಜಾರಿದೆ ಎಂದು ಒಮ್ಮೆ ನೋಡಿ ಬಾ. ಗೋಲಿ ಇಟ್ಟರೆ ಅದೇ ಹೇಳುತ್ತದೆ.

ಆದ್ದರಿಂದ ಟ್ಯೂಬು ಬದಿಗಿಡಿ. ಮೊದಲು ಹುಡುಕಾಟ. ಇದರಲ್ಲಿ ನಿನಗೂ ಅಜ್ಜಿಗೂ ಕೆಲಸವಿದೆ.

ಒಳಚಾವಣಿ, ಗೋಡೆಯ ಮೂಲೆ, ಮೇಲಿನ ಕಪಾಟುಗಳ ಒಳಬದಿಯನ್ನು ಟಾರ್ಚು ಹಿಡಿದು ನೋಡಿ. ಚಹಾದ ಬಣ್ಣದ ಕಲೆ, ಉಬ್ಬಿದ ಗೋಡೆ ಕಾಗದ, ಬೂಷ್ಟಿನ ವಾಸನೆ ಸಿಕ್ಕಿದ ಕಡೆಯೆಲ್ಲ ಬೆರಳಿನಿಂದ ಒತ್ತಿ. ಗಟ್ಟಿ ಇದೆಯೋ, ನೆನೆದ ರಸ್ಕಿನ ಹಾಗೆ ಮೆತ್ತಗಿದೆಯೋ ಎಂದು ಒಂದು ನಕಾಶೆಯಲ್ಲಿ ಗುರುತು ಹಾಕು. ಒದ್ದೆ ಅಳೆಯುವ ಸಣ್ಣ ಮೀಟರು ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅದಿದ್ದರೆ ಕಣ್ಣಿಗೆ ಕಾಣದ ಒದ್ದೆಯೂ ಸಿಕ್ಕಿಬೀಳುತ್ತದೆ. ದೀಪದ ಬುಡದಲ್ಲಿ ನೀರು ಕಂಡರೆ ಮಾತ್ರ ಆಟ ಬೇಡ. ಅಪ್ಪ ಹೊರಗಿನ ಕರೆಂಟಿನ ಕೇಬಲ್ ಬಿಚ್ಚಿ, ಬ್ಯಾಟರಿಯ ಸಂಪರ್ಕವನ್ನೂ ತೆಗೆಯುವವರೆಗೆ ಯಾರೂ ಸ್ವಿಚ್ಚು ಮುಟ್ಟಬಾರದು.

ಆಮೇಲೆ ನೀರಿನ ಪರೀಕ್ಷೆ. ಬಿಸಿಲಿರುವ ಒಣ ದಿನ ಮಾಡಿ. ಅಪ್ಪ ಹೊರಗೆ ತೋಟದ ಪೈಪು ಹಿಡಿಯಲಿ. ನೀರು ಮೆಲ್ಲಗೆ ಹರಿಯಬೇಕು. ಕಾರು ತೊಳೆಯುವ ಜೋರು ಯಂತ್ರ ಹಿಡಿದರೆ ಚೆನ್ನಾಗಿರುವ ಸೀಲೆಂಟಿನ ಕೆಳಗೂ ನೀರು ನುಗ್ಗುತ್ತದೆ. ತಗ್ಗಿನ ಕಡೆಯಿಂದ ಶುರುಮಾಡಿ, ಒಂದು ಕೂಡುಸಾಲಿಗೆ ಹತ್ತು ನಿಮಿಷ ಕೊಟ್ಟು, ಮೆಲ್ಲಗೆ ಎತ್ತರದ ಕಡೆಗೆ ಹೋಗಬೇಕು. ಮೊದಲೇ ಎತ್ತರದಲ್ಲಿ ನೀರು ಬಿಟ್ಟರೆ ಅದು ಎಲ್ಲ ಕಿಂಡಿಗಳ ಮೇಲೂ ಹರಿದು, ಕಳ್ಳ ಯಾರೆಂದು ಗೊತ್ತಾಗುವುದೇ ಇಲ್ಲ. ನೀನೂ ಅಜ್ಜಿಯೂ ಒಳಗೆ ಟಾರ್ಚು, ಗಡಿಯಾರ, ಪುಸ್ತಕ ಇಟ್ಟುಕೊಂಡು ಕೂತಿರಿ. "ಬಂತು!" ಎಂದು ಕೂಗಿದ ಹೊತ್ತಿಗೆ ಅಪ್ಪ ಎಲ್ಲಿ ನೀರು ಬಿಡುತ್ತಿದ್ದರೋ ಅಲ್ಲಿಗೂ ಅದರ ಹಿಂದಿನ ಜಾಗಕ್ಕೂ ಗುರುತು. ನೀರು ತೆವಳಿ ಬರಲು ಹೊತ್ತು ಹಿಡಿಯುತ್ತದಲ್ಲ, ಅದಕ್ಕೇ ಹಿಂದಿನ ಜಾಗವೂ ಅನುಮಾನದ ಪಟ್ಟಿಯಲ್ಲಿರಲಿ.

ಇಷ್ಟಕ್ಕೂ ಸಿಗದಿದ್ದರೆ ವರ್ಕ್‌ಶಾಪಿನವರ ಬಳಿ ಇನ್ನೊಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಕಿಟಕಿ ಬಾಗಿಲೆಲ್ಲ ಮುಚ್ಚಿ, ಒಂದು ಕಿಂಡಿಗೆ ಫ್ಯಾನು ಕೂರಿಸಿ, ಗಾಡಿಯೊಳಗೆ ಸ್ವಲ್ಪವೇ ಗಾಳಿ ತುಂಬುತ್ತಾರೆ. ಹೊರಗೆ ಕೂಡುಸಾಲಿನ ಮೇಲೆಲ್ಲ ಸೋಪಿನ ನೀರು ಚಿಮುಕಿಸುತ್ತಾರೆ. ಎಲ್ಲಿ ಬಿರುಕಿದೆಯೋ ಅಲ್ಲಿ ಗುಳ್ಳೆ ಏಳುತ್ತದೆ. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿಗೆ ಅದ್ದಿ ಪಂಕ್ಚರ್ ಹುಡುಕುವುದಿಲ್ಲವೇ? ಅದೇ ವಿದ್ಯೆ.

ಏಣಿಯ ವಿಷಯ ಅಜ್ಜನವರಿಗೆ ನೇರವಾಗಿಯೇ ಹೇಳುತ್ತೇನೆ. ತೆಂಗಿನಮರ ಹತ್ತಿದ ಕಾಲುಗಳೇ ಇರಬಹುದು, ಆದರೂ ತಾವು ಕೆಳಗೇ ಇರಬೇಕು. ಓದುವುದಕ್ಕೂ ದೂರ ನೋಡುವುದಕ್ಕೂ ಒಂದೇ ಕನ್ನಡಕ ಇದ್ದರೆ ಇಳಿಯುವಾಗ ಏಣಿಯ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ರಬ್ಬರ್ ಚಾವಣಿ ಒದ್ದೆಯಾದರೆ ಪಾಚಿಗಿಂತ ಕಡೆ. ನೆಲಕ್ಕೂ ಚಾವಣಿಗೂ 10-11 ಅಡಿ ಎತ್ತರ, ಸುತ್ತ ಹಿಡಿಯಲು ಏನೂ ಇಲ್ಲ. ತಾವು ಏಣಿ ಹಿಡಿದುಕೊಂಡರೆ ಸಾಕು. ಅಪ್ಪ ಕೂಡ ಗಾಡಿಯ ಪುಸ್ತಕದಲ್ಲಿ ಚಾವಣಿಯ ಮೇಲೆ ನಡೆಯಬಹುದು ಎಂದಿದೆಯೇ ಎಂದು ನೋಡಿಯೇ ಹತ್ತಬೇಕು. ಹತ್ತಿದ ಮೇಲೂ ಭಾರ ಹಂಚಿಹೋಗುವಂತೆ ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಮಂಡಿಯೂರಿ ಕೆಲಸ ಮಾಡುವುದು ಕ್ಷೇಮ. ಕಾಲಡಿ ಎಲ್ಲಾದರೂ ಮೆತ್ತಗೆ ತಗ್ಗಿದರೆ ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡಬಾರದು.

ಆ ಮೆತ್ತನೆಯ ಜಾಗವೇ ಅಮ್ಮನ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮರ ಒದ್ದೆಯಾಗಿದ್ದರೂ ಗಟ್ಟಿಯಿದ್ದರೆ ಒಣಗಿಸಿ ಉಳಿಸಿಕೊಳ್ಳಬಹುದು. ಕಿಂಡಿಯ ಚೌಕಟ್ಟು ಬಿಚ್ಚಿ, ಒಳಗೆ ಫ್ಯಾನು ಇಟ್ಟು, ರಾತ್ರಿ ಟಾರ್ಪಾಲು ಹೊದಿಸಿ, ದಿನಗಟ್ಟಲೆ ಕಾಯಬೇಕು. ಒದ್ದೆ ಮರದ ಮೇಲೆ ಸೀಲೆಂಟ್ ಬಳಿಯುವುದು ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಇಟ್ಟ ಹಾಗೆ. ಹೊರಗಿಂದ ಸೋರಿಕೆ ನಿಂತಂತೆ ಕಾಣುತ್ತದೆ, ಒಳಗೆ ಮರ ಲಡ್ಡಾಗುತ್ತಲೇ ಹೋಗುತ್ತದೆ. ಸ್ಕ್ರೂಡ್ರೈವರಿನ ಮೊನೆ ಸಲೀಸಾಗಿ ಇಳಿಯುವಷ್ಟು ಕುಂಬಾಗಿದ್ದರೆ ಆ ಭಾಗ ಕತ್ತರಿಸಿ ಹೊಸ ಪ್ಲೈವುಡ್ ಹಾಕದೆ ಗತಿಯಿಲ್ಲ. ಕುಂಬು ಒಂದು ಕಿಂಡಿಯ ಸುತ್ತ ಒಂದಡಿ ಮಾತ್ರವಿದ್ದರೆ ಸರಿಮಾಡಬಹುದಾದ ಕೆಲಸ. ಹೊರಗೋಡೆಗಳೂ ಅಲೆಯಲೆಯಾಗಿ ಉಬ್ಬಿವೆ, ಚಾವಣಿ ಅರ್ಧದಷ್ಟು ಮೆತ್ತಗಿದೆ ಎಂದಾದರೆ, ಅಮ್ಮ ಹೇಳಿದ್ದೇ ಸರಿ. ಮಾರುವಾಗ ಕೊಳ್ಳುವವರಿಗೆ ಸೋರಿಕೆಯ ವಿಚಾರ ಮುಚ್ಚಿಡದೆ ಹೇಳಿಬಿಡಿ. ಅವರ ಮನೆಯಲ್ಲೂ ಅಜ್ಜ-ಅಜ್ಜಿ ಇರುತ್ತಾರೆ.

ಮರ ಒಣಗಿತು ಎಂದುಕೊಳ್ಳೋಣ. ಏನು ಹಚ್ಚಬೇಕು? ಡಾಂಬರು ಯಾಕೆ ಬೇಡ ಎಂದರೆ, ಇಪಿಡಿಎಂ ರಬ್ಬರಿಗೆ ಪೆಟ್ರೋಲಿಯಂ ಜಾತಿಯ ಎಣ್ಣೆಗಳು ಆಗಿಬರುವುದಿಲ್ಲ. ತಗಲಿದ ಕಡೆ ರಬ್ಬರ್ ಊದಿಕೊಂಡು ಬೊಬ್ಬೆ ಏಳುತ್ತದೆ. ತಗಡಿನ ಕೊಟ್ಟಿಗೆಗೆ ಅಮೃತವಾದದ್ದು ಇಲ್ಲಿ ವಿಷ. ಸೀಮೆಎಣ್ಣೆ ಹಾಕಿ ಒರೆಸುವುದೂ ಬೇಡ. ಸಿಲಿಕೋನಿನ ತೊಂದರೆ ಬೇರೆ. ಅದು ಈ ರಬ್ಬರಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸಾಲದ್ದಕ್ಕೆ ಒಮ್ಮೆ ಹಚ್ಚಿದ ಜಾಗಕ್ಕೆ ಆಮೇಲೆ ಬೇರೇನೂ ಅಂಟುವುದಿಲ್ಲ. ಹಾಗಾಗಿ ಆ ಮೂರು ಟ್ಯೂಬನ್ನು ಅಪ್ಪ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಪೂರ್ತಿ ತೆಗೆಯಲೇಬೇಕು. ಕಬ್ಬಿಣದ ಚಾಕು ಹಿಡಿದರೆ ಹಾಳೆ ಹರಿದು ಹೊಸ ತೂತು.

ಚಾವಣಿ ಯಾವ ಜಾತಿ ಎಂದು ಖಚಿತ ಮಾಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಸುಣ್ಣದಂಥ ಬಿಳಿ ಪುಡಿ ಬಂದರೆ, ಹಾಳೆಯ ಅಡಿಮೈ ಕಪ್ಪಗಿದ್ದರೆ ಸಾಮಾನ್ಯವಾಗಿ ಇಪಿಡಿಎಂ. ಟಿಪಿಒ ಎಂಬ ಇನ್ನೊಂದು ಹಾಳೆಯಿದೆ, ಫೈಬರ್‌ಗ್ಲಾಸ್ ಇದೆ, ಅಲ್ಯೂಮಿನಿಯಂ ತಗಡೂ ಇದೆ. ಪ್ರತಿಯೊಂದಕ್ಕೂ ಒಗ್ಗುವ ಸೀಲೆಂಟ್ ಬೇರೆ. ಡಬ್ಬಿಯ ಮೇಲೆ ತಮ್ಮ ಚಾವಣಿಯ ಹೆಸರು ಬರೆದಿರದಿದ್ದರೆ ಕೊಳ್ಳಬೇಡಿ. ಅಂಗಡಿಯವನು ಎಲ್ಲದಕ್ಕೂ ಆಗುತ್ತದೆ ಎಂದರೆ ನಕ್ಕು ಬಂದುಬಿಡಿ.

ಕೆಲಸ ಹೀಗೆ. ಸೋರುವ ಕಿಂಡಿಯ ಚೌಕಟ್ಟನ್ನು ಎತ್ತಿ, ಹಳೆಯ ಮೇಣವನ್ನೆಲ್ಲ ತೆಗೆದು, ಸೀಲೆಂಟ್ ಕಂಪನಿ ಹೇಳಿದ ದ್ರವದಿಂದಲೇ ಒರೆಸಬೇಕು. ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪು ಹಾಕಬೇಕು. ಅಜ್ಜನಿಗೆ ಹಲಸಿನ ಮೇಣ ಎಂದರೆ ಕೂಡಲೇ ಅರ್ಥವಾಗುತ್ತದೆ. ಹಾಗೆಯೇ ಎಳೆದಷ್ಟು ಬರುವ, ಒಣಗಿ ಬಿರಿಯದೆ ಅಂಟಿಕೊಂಡೇ ಇರುವ ಪಟ್ಟಿ ಅದು. ಹಿಗ್ಗುಕುಗ್ಗಿನ ಎಳೆದಾಟದಲ್ಲಿ ಅದೂ ಜೊತೆಗೆ ಹಿಗ್ಗಿ ಕುಗ್ಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಮೇಣ ಅಂಚಿನಲ್ಲಿ ತುಸು ಇಣುಕುವವರೆಗೆ ಬಿಗಿಯಬೇಕು. ತುಕ್ಕು ಹಿಡಿದ ಸ್ಕ್ರೂ ಮತ್ತೆ ಬಳಸಬಾರದು. ಹಿಡಿತ ಸಿಗದೆ ಸುಮ್ಮನೆ ತಿರುಗುವ ಸ್ಕ್ರೂ ಇದ್ದರೆ ಅದರಡಿಯ ಮರ ಹೋಗಿದೆ ಎಂದೇ ಅರ್ಥ. ಕೊನೆಗೆ ಸ್ಕ್ರೂ ತಲೆ ಮತ್ತು ಅಂಚುಗಳ ಮೇಲೆ, ದೋಸೆ ಹಿಟ್ಟಿನ ಹಾಗೆ ತಾನೇ ಹರಡಿ ಸಮವಾಗುವ ಸೀಲೆಂಟ್. ಬದಿಯ ಗೋಡೆಗೆ ಅದು ಇಳಿದುಹೋಗುತ್ತದೆ, ಅಲ್ಲಿಗೆ ಹರಿಯದ ಜಾತಿ ಬೇಕು. ಡಬ್ಬಿಯಲ್ಲಿ ಬರೆದಷ್ಟು ಬೆಚ್ಚಗಿನ ಹವೆ ಇರಬೇಕು, ಮರುದಿನವೂ ಮಳೆ ಇರಬಾರದು.

ಇಡೀ ಚಾವಣಿಗೆ ಬಣ್ಣದಂತೆ ಬಳಿಯುವ ಲೇಪಗಳ ಜಾಹೀರಾತು ಅಪ್ಪನ ಕಣ್ಣಿಗೆ ಬಿದ್ದೇ ಬಿದ್ದಿರುತ್ತದೆ. ಕೂಡುಸಾಲು ಸರಿಯಾದ ಮೇಲೆ, ಬಿಸಿಲಿಗೆ ಸವೆದ ಹಾಳೆಗೆ ಅದು ಒಳ್ಳೆಯದೇ. ಬಾಯಿ ಬಿಟ್ಟ ಕೂಡುಸಾಲಿನ ಮೇಲೆ ಬಳಿದರೆ ದುಡ್ಡು ನೀರಲ್ಲಿ ಹೋಮ. ಮಾಡಿದ ಕೆಲಸ ಹಾಗೇ ಇದೆಯೇ ಎಂದು ಚಳಿಗಾಲ ಬರುವ ಮೊದಲೊಮ್ಮೆ, ಹಿಮ ಕರಗಿದ ಮೇಲೊಮ್ಮೆ ಅಪ್ಪ ಹತ್ತಿ ನೋಡಲಿ. ನಿನ್ನ ನಕಾಶೆ ಆಗ ಬೇಕಾಗುತ್ತದೆ, ಎಸೆಯಬೇಡ.

ಇನ್ನು ಅಜ್ಜಿಯ ಹಣೆಯ ಹನಿ. ಅದು ಮಳೆಯ ನೀರಲ್ಲ, ನಿಮ್ಮದೇ ಉಸಿರು. ಚಳಿಯ ರಾತ್ರಿ ಕಿಟಕಿ ಬಿಗಿ ಮುಚ್ಚಿ ಐದು ಜನ ಮಲಗಿದ್ದೀರಿ. ಮಲಗುವ ಮೊದಲು ಅಜ್ಜಿ ಸಾರು ಕುದಿಸಿರಬಹುದು. ಆ ಆವಿಯೆಲ್ಲ ಹೋಗಲು ದಾರಿಯಿಲ್ಲದೆ, ಹೊರಗಿನ ಚಳಿಗೆ ತಣ್ಣಗಾದ ಕಿಂಡಿಯ ಪ್ಲಾಸ್ಟಿಕ್ಕು ಮತ್ತು ಲೋಹದ ಚೌಕಟ್ಟಿನ ಮೇಲೆ ನೀರಾಗಿ ಕೂತು, ಬೆಳಗಿನ ಹೊತ್ತಿಗೆ ಉದುರಿದೆ. ತಣ್ಣೀರಿನ ಲೋಟ ಹೊರಗೆ ಬೆವರುವ ಹಾಗೆ. ಇದಕ್ಕೆ ಸೀಲೆಂಟ್ ಬೇಡ. ಕುದಿಸುವಾಗ ಹೊಗೆ ಫ್ಯಾನು ಹಾಕಿ, ಮಲಗುವಾಗ ಒಂದು ಗಾಳಿಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಡಿ. ಮುಂದಿನ ಸಲ ಮಳೆಯಿಲ್ಲದೆ ಹನಿ ಬಿದ್ದರೆ ಎದ್ದು ಕಿಟಕಿ ಗಾಜು ಮುಟ್ಟಿ ನೋಡು. ಗಾಜೂ ಒದ್ದೆಯಿದ್ದರೆ ಅಪ್ಪನನ್ನು ಏಣಿ ಹತ್ತಿಸಬೇಕಾಗಿಲ್ಲ. ಗಾಜು ಒಣಗಿದ್ದು ಹನಿ ಮಾತ್ರ ಬೀಳುತ್ತಿದ್ದರೆ, ಹಿಂದಿನ ಮಳೆಯ ನೀರು ಚಾವಣಿಯೊಳಗೆ ಇನ್ನೂ ನಿಂತಿದೆ ಎಂದು ನಕಾಶೆಯಲ್ಲಿ ಬರೆದುಕೋ.